ಗುವಾಹಾಟಿ ಎಷ್ಟು ದೂರ

ಅಕ್ಕ ಕಳಿಸುತ್ತಿದ್ದ ಚಹಾಪುಡಿಗೆ ಒಂದು ವಿಶೇಷವಿತ್ತು. ನಮ್ಮ ಮನೆ ತಲುಪುವ ಹೊತ್ತಿಗೆ ಅದು ಅರ್ಧ ಭಾರತದ ವಾಸನೆಯನ್ನು ಮೈಗೆ ಹತ್ತಿಸಿಕೊಂಡಿರುತ್ತಿತ್ತು. ಒರಟು ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ ಆ ಪೊಟ್ಟಣ ಗುವಾಹಾಟಿಯ ಟಪಾಲು ಕಚೇರಿ ಹೊಕ್ಕಿತೆಂದರೆ ಆಮೇಲೆ ಯಾವ ಯಾವ ಸ್ಟೇಷನ್ನಿನ ಯಾವ ಯಾವ ಮೂಲೆಯಲ್ಲಿ ಮಲಗಿ ಎದ್ದು ಬರುತ್ತಿತ್ತೋ ಏನೋ, ಬಿಚ್ಚಿ ಮೂಗಿನ ಹತ್ತಿರ ಹಿಡಿದರೆ ಮೊದಲು ಗೋಣಿಚೀಲದ ವಾಸನೆ, ಆಮೇಲೆ ಸೀಮೆಎಣ್ಣೆಯದು, ಎಲ್ಲಕ್ಕೂ ಕೊನೆಗೆ, ತಡವಾಗಿ ಬಂದ ನೆಂಟರ ಹಾಗೆ ನಾಚಿಕೊಂಡು, ಚಹಾದ್ದು. ಆದರೂ ಕುದಿಸಿದಾಗ ಬಣ್ಣ ಮಾತ್ರ ಮಾಣಿಕ್ಯದಂತೆ ಇಳಿಯುತ್ತಿತ್ತು. ಬದಲಿಗೆ ನಾನು ನಾಸಿಕದ ಒಣದ್ರಾಕ್ಷಿ, ಮನೆಯಲ್ಲೇ ಕುಟ್ಟಿದ ಶೇಂಗಾ ಚಟ್ನಿ ಕಳಿಸುತ್ತಿದ್ದೆ. ಅವೂ ಅವಳ ಮನೆ ಸೇರುವಾಗ ಹೀಗೇ ಊರೂರಿನ ಧೂಳು ಕುಡಿದು ಸುಸ್ತಾಗಿರುತ್ತಿದ್ದವೆಂದು ತೋರುತ್ತದೆ. ಅಕ್ಕ ಎಂದೂ ದೂರಲಿಲ್ಲ.

ಧಾರವಾಡದ ಒಂದೇ ಓಣಿಯ ಒಂದೇ ಮನೆಯಲ್ಲಿ, ಬೆಳಗಾಗೆದ್ದು ಒಂದೇ ಕೌದಿಯ ಎರಡು ತುದಿ ಹಿಡಿದು ಮಡಿಸುತ್ತಿದ್ದ ಅಕ್ಕ ತಂಗಿಯರು ನಾವು. ಈಗ ದೇಶದ ಎರಡು ತುದಿ ಹಿಡಿದು ನಿಂತಿದ್ದೆವು, ಮಡಿಸುವ ಮಾತೇ ಇರಲಿಲ್ಲ. ಸುಧಕ್ಕನ ಗಂಡ ಶ್ರೀಧರ ಭಾವ ಕೇಂದ್ರ ಸರ್ಕಾರದ ನೌಕರರು. ವರ್ಗವಾಗುತ್ತ ವರ್ಗವಾಗುತ್ತ ಗುವಾಹಾಟಿಗೆ ಹೋಗಿ, ಅಲ್ಲಿ ಅದೇಕೋ ಬೇರು ಬಿಟ್ಟವರು. ನಾನು ನಾಸಿಕದಲ್ಲಿ ಬ್ಯಾಂಕಿನ ಕೆಲಸಕ್ಕಿದ್ದೆ. ನಮ್ಮವರು ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರರು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಬಿಡಾರ. ನಮ್ಮ ಇಬ್ಬರು ಮಕ್ಕಳು ಮರಾಠಿಯಲ್ಲಿ ಜಗಳವಾಡಿ, ಹಿಂದಿಯಲ್ಲಿ ರಾಜಿಯಾಗಿ, ಊಟಕ್ಕೆ ಕರೆದಾಗ ಮಾತ್ರ ಕನ್ನಡದಲ್ಲಿ 'ಬಂದ್ವಿ' ಅನ್ನುತ್ತಿದ್ದವು. ಅಕ್ಕನಿಗೆ ಒಬ್ಬಳೇ ಮಗಳು, ಅನು. ಮೂರನೇ ಈಯತ್ತೆಯ ಹುಡುಗಿ.

ಅಕ್ಕನ ಊರಿನಲ್ಲಿ ಸೂರ್ಯನಿಗೆ ಅವಸರ. ನಾನು ಎದ್ದು ಒಲೆ ಹಚ್ಚುವಾಗ ಅವಳ ಅಂಗಳದ ತುಳಸಿಗೆ ಬಿಸಿಲು ಬಿದ್ದು ಎಷ್ಟೋ ಹೊತ್ತಾಗಿರುತ್ತಿತ್ತು. ಸಂಜೆ ಅವಳು ದೇವರ ಮುಂದೆ ದೀಪ ಹಚ್ಚಿದ ಮೇಲೂ ನನ್ನ ಕಿಟಕಿಯ ಸರಳುಗಳಲ್ಲಿ ಹಗಲು ಸಿಕ್ಕಿಕೊಂಡಿರುತ್ತಿತ್ತು. ಎರಡೂ ಊರಿಗೆ ಗಡಿಯಾರ ಮಾತ್ರ ಒಂದೇ. ಹೀಗಾಗಿ ಒಂದೇ ಹೊತ್ತಿನಲ್ಲಿದ್ದೂ ನಾವು ಬೇರೆ ಬೇರೆ ಬೆಳಕಿನಲ್ಲಿ ಬದುಕುತ್ತಿದ್ದೆವು.

ನಮ್ಮವರಿಗೆ ಮಾತ್ರ ಇದೆಲ್ಲ ದೂರವೇ ಅಲ್ಲ. ದಿನವಿಡೀ ಯುದ್ಧವಿಮಾನಗಳ ಹೊಟ್ಟೆಯೊಳಗೆ ತಲೆ ಹಾಕಿ ಕೂತವರಿಗೆ ನೆಲದ ಮೇಲಿನ ಅಳತೆಗಳು ಕ್ಷುಲ್ಲಕವಾಗಿ ಕಾಣುತ್ತವೆಯೇನೋ. ಮಕ್ಕಳ ಭೂಪಟದ ಮೇಲೆ ಅಡಿಪಟ್ಟಿಯಿಟ್ಟು, ನಾಸಿಕದಿಂದ ಗುವಾಹಾಟಿಗೆ ಕಣ್ಣಲ್ಲೇ ಗೆರೆ ಎಳೆದು ಹೇಳುತ್ತಿದ್ದರು:

"ನೆಟ್ಟಗ ಹಾರಿದ್ರ ಏನ್ ದೂರ ಅದ ಇದು? ಮಧ್ಯಾಹ್ನ ಉಂಡು ಒಂದು ನಿದ್ದಿ ಮಾಡಿ ಏಳೂದ್ರೊಳಗ ಅಲ್ಲಿರ್ತೀ ನೋಡು."

"ನಿಮ್ಮ ವಿಮಾನದಾಗ ಕೂಡ್ಲಿಕ್ಕೆ ಒಬ್ಬಾವಗ ಜಾಗ. ನನ್ನ ರೆಕ್ಕಿ ಮ್ಯಾಲ ಕೂಡಿಸಿ ಕಳಸ್ತೀರೇನು?" ಅನ್ನುತ್ತಿದ್ದೆ ನಾನು.

ನಗುತ್ತಿದ್ದೆವು. ಮನೆಯ ಮೇಲೆ ಆ ವಿಮಾನಗಳು ಹಾದುಹೋದಾಗ ಅಡುಗೆಮನೆಯ ತಾಟುಗಳು ಸಣ್ಣಗೆ ನಡುಗುತ್ತಿದ್ದವು. ಶಬ್ದ ಕಿವಿಗೆ ಬಿದ್ದು ಕತ್ತೆತ್ತಿ ನೋಡುವಷ್ಟರಲ್ಲಿ ವಿಮಾನ ದಿಂಡೋರಿಯ ಗುಡ್ಡಗಳಾಚೆ ಹೋಗಿಬಿಟ್ಟಿರುತ್ತಿತ್ತು. ಅಷ್ಟು ವೇಗ ಮನೆಯ ಮಾಡಿನ ಮೇಲೆಯೇ ಇದ್ದೂ, ಅಕ್ಕನನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

ಒಂದು ದಿನ ಮಧ್ಯಾಹ್ನ ಬ್ಯಾಂಕಿನಲ್ಲಿ ಮ್ಯಾನೇಜರರು ತಮ್ಮ ಗಾಜಿನ ಕೋಣೆಯ ಬಾಗಿಲು ತೆರೆದು ನನ್ನನ್ನು ಕರೆದರು. "ಮ್ಯಾಡಂ, ತುಮಚಾ ಫೋನ್ ಆಹೆ. ಗುವಾಹಾಟೀಹೂನ್." ಅಷ್ಟು ದೂರದಿಂದ, ಅದೂ ಬ್ಯಾಂಕಿಗೆ, ಟ್ರಂಕ್ ಕಾಲ್ ಬಂದಿದೆ ಎಂದಾಗಲೇ ಕಾಲುಗಳಿಗೆ ಗೊತ್ತಾಗಿಬಿಟ್ಟಿತ್ತು. ಎದ್ದು ಹೋಗಿ ರಿಸೀವರು ಕಿವಿಗಿಟ್ಟೆ.

"ಕುಸುಮಾ, ಸುಧಾ ಹೋದ್ಲು," ಅಂದರು ಭಾವ.

ಜ್ವರ ಬಂದಿತ್ತಂತೆ. ಅಲ್ಲಿ ಎಲ್ಲರಿಗೂ ಬರುವ ಮಲೇರಿಯಾ ಎಂದುಕೊಂಡರಂತೆ. ಅದು ಮೆದುಳಿಗೇರಿತಂತೆ. ತಂತಿಯೊಳಗೆ ಗಾಳಿ ಮಳೆಯಂತೆ ಸುರಿಯುತ್ತಿತ್ತು. ನಾನು ಕೇಳಿದ್ದು ಅವರಿಗೆ ಕೇಳಿಸದು, ಅವರು ಹೇಳಿದ್ದು ಅರ್ಧ ಬಂದು ಅರ್ಧ ಎಲ್ಲೋ ಉಳಿಯುವುದು. ಹಾಗಾಗಿ ನಾನು ಕೂಗಬೇಕಾಯಿತು. ನೀವೇ ಊಹಿಸಿ: ಗಿರಾಕಿಗಳು ಸಾಲಾಗಿ ನಿಂತಿದ್ದಾರೆ, ಸಹೋದ್ಯೋಗಿಗಳು ಕತ್ತು ಹೊರಳಿಸಿ ನೋಡುತ್ತಿದ್ದಾರೆ, ಮೆಲ್ಲಗೆ ಕೂಡ ಆಡಲಾಗದ ಮಾತನ್ನು ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೇನೆ. "ಯಾವಾಗ ಭಾವ? ನಾ ಬರ್ತೀನ್ರೀ! ನಾ ಬರೂತನಕ ಇಟ್ಕೋರಿ!"

"ಕಾಯ್ಲಿಕ್ಕೆ ಆಗೂದಿಲ್ಲ ಕುಸುಮಾ. ಇಲ್ಲಿ ಸೆಕಿ ಅದ. ಬರಬ್ಯಾಡ..."

ತಂತಿ ಕಡಿದುಹೋಯಿತು.

ಸಂಜೆ ನಮ್ಮವರು ಭೂಪಟ ಬಿಡಿಸಲಿಲ್ಲ. ಯಾರಿಂದಲೋ ವಿಮಾನಗಳ ವೇಳಾಪಟ್ಟಿ ತಂದಿದ್ದರು. ನಾಸಿಕಕ್ಕೆ ಆಗ ಪ್ರಯಾಣಿಕರ ವಿಮಾನವಿರಲಿಲ್ಲ. ರೈಲಿನಲ್ಲಿ ಮುಂಬಯಿ, ಅಲ್ಲಿಂದ ವಿಮಾನದಲ್ಲಿ ಕಲಕತ್ತಾ, ಅಲ್ಲಿ ರಾತ್ರಿ ಕಳೆದು ಮತ್ತೊಂದು ವಿಮಾನದಲ್ಲಿ ಗುವಾಹಾಟಿ. ಬೆರಳಿಟ್ಟು ಒಂದೊಂದನ್ನೇ ಕೂಡಿಸಿದರು. ಹಾರುವ ಹೊತ್ತು ಬಹಳವೇನಲ್ಲ, ನಿಜ. ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವೆ ಕಾಯುವ ಹೊತ್ತೇ ದೊಡ್ಡದು. ಟಿಕೆಟ್ಟು ಸಿಗುವುದೋ ಇಲ್ಲವೋ ಎಂಬುದು ಅದಕ್ಕೂ ದೊಡ್ಡದು. ಕೊನೆಗೆ ವೇಳಾಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟು, ನನ್ನ ಮುಖ ನೋಡದೆ, "ಎಷ್ಟು ಜಲ್ದಿ ಮಾಡಿದ್ರೂ ಮುಟ್ಟೂದಿಲ್ಲ," ಅಂದರು.

ಒಂದು ಊರಿನಿಂದ ಮತ್ತೊಂದು ಊರಿಗೆ ಎಷ್ಟು ದೂರ ಎಂದು ಹೇಳುವ ಪುಸ್ತಕಗಳೆಲ್ಲ ಹೇಳುವುದು ಒಂದು ಬಯಲಿನಿಂದ ಮತ್ತೊಂದು ಬಯಲಿಗಿರುವ ದೂರವನ್ನು. ಹಾಸಿಗೆಯ ಮೇಲೆ ಜ್ವರದಲ್ಲಿ ಮಲಗಿದವಳಿಂದ ಬ್ಯಾಂಕಿನ ಕೌಂಟರಿನ ಹಿಂದೆ ಕೂತವಳಿಗೆ ಎಷ್ಟು ದೂರ ಎಂದು ಯಾವ ಪುಸ್ತಕದಲ್ಲಿ ನೋಡಬೇಕು? ನಾನು ಹೋಗಲಿಲ್ಲ. ಹೋಗಲಾಗಲಿಲ್ಲ. ಸೂತಕದ ಸ್ನಾನ ಮಾಡಿ ಕೂತೆ. ಕೆಲವು ದಿನಗಳಾದ ಮೇಲೆ ಎದ್ದು ಮತ್ತೆ ಕೆಲಸಕ್ಕೆ ಹೋದೆ. ಸತ್ತವರ ಮನೆ ಎದುರಿಗಿದ್ದರೆ ದುಃಖಕ್ಕೆ ಮಾಡಲಿಕ್ಕೆ ಒಂದಿಷ್ಟು ಕೆಲಸವಿರುತ್ತದೆ: ನೀರು ತರುವುದು, ಬಂದವರಿಗೆ ಚಾಪೆ ಹಾಸುವುದು, ಅಳುವವರ ಬೆನ್ನು ಸವರುವುದು. ನನ್ನ ದುಃಖಕ್ಕೆ ಕೆಲಸವೇ ಇರಲಿಲ್ಲ. ಅದು ಸುಮ್ಮನೆ ಮೈಯೊಳಗೆ ಭಾರವಾಗಿ ಕೂತಿತ್ತು. ಮೆಟ್ಟಿಲು ಹತ್ತಿದರೆ ದಣಿವು, ಇಳಿದರೂ ದಣಿವು.

ಹೀಗಿರುವಾಗ ಭಾವನ ಎರಡನೇ ಫೋನು ಬಂತು. ಅಸ್ಥಿಯಲ್ಲಿ ಅರ್ಧ ಬ್ರಹ್ಮಪುತ್ರದಲ್ಲಿ ಬಿಟ್ಟಿದ್ದಾರಂತೆ. ಇನ್ನರ್ಧ ನಾಸಿಕಕ್ಕೆ ತರುತ್ತಾರಂತೆ. "ನಿಮ್ಮಲ್ಲಿ ಬಂದಾಗ ಗೋದಾವರಿಯ ರಾಮಕುಂಡದಾಗ ಕಾಲು ಇಳಿಬಿಟ್ಟು ಕೂತಿದ್ಲಲ್ಲ, ನೆನಪದ ಏನು? ಆ ಮಾತು ಯಾವಾಗ್ಲೂ ತಗೀತಿದ್ಲು. ಅನೂನ್ನೂ ಕರ್ಕೊಂಡು ಬರ್ತೀನಿ." ಮುಂಬಯಿಯ ಗದ್ದಲದಲ್ಲಿ ಮಗುವನ್ನೂ ಮಡಕೆಯನ್ನೂ ಹಿಡಿದು ಒದ್ದಾಡುವುದು ಬೇಡವೆಂದು ನಮ್ಮವರೇ ದಾರಿ ಹೇಳಿಕೊಟ್ಟರು. ದಿಲ್ಲಿಯಿಂದ ಹೊರಟು ಜೈಪುರ, ಉದಯಪುರಗಳಲ್ಲಿ ಎಸ್‌ಟಿ ಬಸ್ಸಿನ ಹಾಗೆ ಇಳಿದು ಹತ್ತಿ ಬರುವ ಒಂದು ವಿಮಾನ ಔರಂಗಾಬಾದಿನಲ್ಲಿ ಇಳಿಯುತ್ತಿತ್ತು. ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರನ್ನು ಆಗ ನಾವೆಲ್ಲ ಔರಂಗಾಬಾದ್ ಎಂದೇ ಕರೆಯುತ್ತಿದ್ದೆವು. ಕಾರ್ಖಾನೆಯಲ್ಲಿ ವಿಮಾನವೊಂದನ್ನು ಒಪ್ಪಿಸುವ ಗಡಿಬಿಡಿ ನಡೆದು ನಮ್ಮವರಿಗೆ ರಜೆ ಸಿಗಲಿಲ್ಲ. ಕರೆತರಲು ನಾನೊಬ್ಬಳೇ ಹೊರಟೆ.

ಬೆಳಗ್ಗೆ ಕೆಂಪು ಬಸ್ಸು ಹತ್ತಿದ್ದು. ನಿಫಾಡದ ದ್ರಾಕ್ಷಿತೋಟಗಳು ಹಿಂದೆ ಸರಿದವು, ಯೇವಲೆಯಲ್ಲಿ ಪೈಠಣಿ ಸೀರೆಯ ಅಂಗಡಿಗಳ ಮುಂದೆ ಬಸ್ಸು ಬಹಳ ಹೊತ್ತು ನಿಂತಿತು, ಆಮೇಲೆ ಎರೆಭೂಮಿಯ ಬಯಲು. ಕಿಟಕಿಯ ಗಾಜು ಒಂದೇ ಸಮನೆ ಗಡಗಡ ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ಮುದುಕಿ, ನಾನು ಯಾರೆಂದು ತಿಳಿಯದೆ, ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಯಾರಾದರೂ ನನ್ನ ಮೇಲೆ ಭಾರ ಹಾಕಿ ಒರಗಿದ್ದು ಅದೇಕೋ ಹಿತವೆನಿಸಿತ್ತು.

ಊರಾಚೆ ಚಿಕಲಠಾಣೆಯಲ್ಲಿರುವ ವಿಮಾನ ನಿಲ್ದಾಣ ಅಂದಿಗೆ ಒಂದು ದೊಡ್ಡ ಹೈಸ್ಕೂಲಿನಷ್ಟಿತ್ತು. ಗುಹೆಗಳನ್ನು ನೋಡಲು ಬರುವ ಪರದೇಶದವರ ಹೆಸರು ಬರೆದ ಹಲಗೆಗಳನ್ನು ಹಿಡಿದು ಹೋಟೆಲುಗಳ ಡ್ರೈವರುಗಳು ಬಾಗಿಲಲ್ಲಿ ನಿಂತಿದ್ದರು. ಬರಿಗೈಯಲ್ಲಿದ್ದವಳು ನಾನೊಬ್ಬಳೇ. ವಿಮಾನ ತಡವಾಗಿತ್ತು. ಬೆಂಚಿನ ಮೇಲೆ ಕೂತು ಕಾದೆ. ಹುಡುಗಿ ನನ್ನನ್ನು ಗುರುತು ಹಿಡಿಯುವಳೋ ಇಲ್ಲವೋ ಎಂಬುದೇ ಯೋಚನೆ. ಅವಳು ತೀರ ಚಿಕ್ಕವಳಿದ್ದಾಗ ನೋಡಿದ್ದು.

ಕೊನೆಗೆ ಬಂದರು. ಕ್ಯಾಮೆರಾ ಹೊತ್ತವರ, ಟೋಪಿಯವರ, ನಗುವವರ ಹಿಂದೆ, ಎಲ್ಲರೂ ಹೊರಬಿದ್ದ ಮೇಲೆ, ಭಾವ ಬಂದರು. ಬಟ್ಟೆಯ ಚೀಲವೊಂದನ್ನು ಎದೆಗೆ ಒತ್ತಿ ಹಿಡಿದಿದ್ದರು. ಅವರ ಅಂಗಿಯ ತುದಿ ಹಿಡಿದು ಅನು. ಕೊರಳಲ್ಲಿ ನೀರಿನ ಬಾಟಲಿ. ಕೂದಲನ್ನು ಒಂದು ರಬ್ಬರಿನಿಂದ ಹೇಗೋ ಕಟ್ಟಿ ಬಿಟ್ಟಿದ್ದರು. ಅಕ್ಕನ ಮೂಗು, ಅಕ್ಕನ ಹಣೆ, ಬೆಳಕಿಗೆ ಕಣ್ಣು ಕಿರಿದು ಮಾಡುವ ಅಕ್ಕನ ರೀತಿ, ಎಲ್ಲವೂ ಆ ಬಾಗಿಲಿನಲ್ಲಿ ನಿಂತಿದ್ದವು.

"ಮೌಶಿ ಅಂದ್ರ ಈಕೀನ," ಅಂದರು ಭಾವ ಮಗಳಿಗೆ. ಮೌಶಿ, ಅಂದರೆ ಚಿಕ್ಕಮ್ಮ. ಅವಳು ನನ್ನನ್ನು ದಿಟ್ಟಿಸಿ ನೋಡಿ, ಗಂಭೀರವಾಗಿ ಕೈ ಮುಗಿದಳು.

ಬಸ್ ಸ್ಟ್ಯಾಂಡಿಗೆ ಹೋಗುವ ಆಟೋದಲ್ಲಿ ಅನುವಿಗೆ ಮಾತು ಬಂತು. ಕನ್ನಡ ಅವಳಿಗೆ ತಿಳಿಯುತ್ತಿತ್ತು, ಆಡಲು ಹೋದರೆ ಮಾತ್ರ ನಡುವೆ ಹಿಂದಿ ಬಂದು ಕೂರುತ್ತಿತ್ತು. ವಿಮಾನದಲ್ಲಿ ಒಬ್ಬ ಅಂಕಲ್, ಚೀಲವನ್ನು ಮೇಲಿನ ಕಪಾಟಿನಲ್ಲಿಡಿ ಎಂದು ಪಪ್ಪನಿಗೆ ಹೇಳಿದನಂತೆ. ಪಪ್ಪಾ ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರಂತೆ. ಆತ ಮತ್ತೊಮ್ಮೆ ಹೇಳಿದಾಗ ಇವಳೇ ಹೇಳಿದಳಂತೆ: "ಇಸ್‌ಮೇ ಮಮ್ಮೀ ಹೈ." ಇದರಲ್ಲಿ ಅಮ್ಮ ಇದ್ದಾಳೆ.

"ಆಮೇಲೆ?" ಅಂದೆ.

"ವೋ ಚುಪ್ ಆದ. ಆಮೇಲೆ ನಂಗೆ ಎರಡು ಗ್ಲಾಸ್ ಜ್ಯೂಸ್ ಕೊಟ್ಟ."

ಭಾವ ಆಟೋದ ಹೊರಗೆ ನೋಡುತ್ತಿದ್ದರು.

ಮೂವರು ಕೂರುವ ಸೀಟಿನಲ್ಲಿ ಕಿಟಕಿಗೆ ಅನು, ನಡುವೆ ಭಾವ, ಇತ್ತ ನಾನು. ಅವರು ತಂದಿದ್ದ ಟ್ರಂಕನ್ನು ಬಸ್ಸಿನ ಮೇಲೆ ಕಟ್ಟಿಸಿದ್ದೆವು. ಚೀಲ ಭಾವನ ತೊಡೆಯ ಮೇಲೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಅವರು ಅದನ್ನು ಎರಡೂ ಕೈಯಿಂದ ಸ್ವಲ್ಪ ಮೇಲೆತ್ತಿ ಹಿಡಿಯುತ್ತಿದ್ದರು. ತೋಳು ನೋಯುತ್ತಿರಬೇಕು, "ನಾ ಹಿಡೀತೀನಿ ಕೊಡ್ರಿ ಭಾವ," ಅಂದೆ. ಒಂದು ಗಳಿಗೆ ಯೋಚಿಸಿ ಕೊಟ್ಟರು. ಹಗುರವಾಗಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಓಣಿಯೆಲ್ಲ ತಿರುಗುತ್ತಿದ್ದವಳನ್ನು ನಾನು ಹೀಗೆ ತೊಡೆಯ ಮೇಲೆ ಇಟ್ಟುಕೊಂಡು, ಹೊಲಗಳ ನಡುವೆ, ಟಿಕೆಟ್ಟು ಕೇಳುವ ಕಂಡಕ್ಟರನಿಗೆ ಜಾಗ ಬಿಡುತ್ತ ಹೋಗುವೆನೆಂದು ಎಂದಾದರೂ ಎಣಿಸಿದ್ದೆನೇ?

"ಪ್ಲೇನ್ ಎಷ್ಟ್ ಜಲ್ದೀ ಬಂತು," ಅಂದಳು ಅನು. "ಬಸ್ ಯಾಕೆ ಹಿಂಗೆ ಹಳೂ ಹಳೂ ಹೋಗ್ತದೆ?"

ದೇಶದ ಆ ಅಂಚಿನಿಂದ ದಿಲ್ಲಿಗೆ, ದಿಲ್ಲಿಯಿಂದ ಇಲ್ಲಿಗೆ ಮೋಡದ ಮೇಲೆ ಬಂದವರು ಈಗ ನನ್ನ ಜೊತೆ ಎತ್ತಿನ ಗಾಡಿಯೊಂದರ ಹಿಂದೆ ಸಿಕ್ಕಿಕೊಂಡಿದ್ದರು.

ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅನು ನಿದ್ದೆ ಹೋಗಿದ್ದಳು. ಅವಳನ್ನು ಸೀಟಿನ ಮೇಲೆ ಮಲಗಿಸಿ, ಅವಳು ಕಾಣುವ ಹಾಗೆ ಕಿಟಕಿಯ ಕೆಳಗೇ ನಿಂತು ಚಹಾ ಕುಡಿದೆವು. ಭಾವ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ತಿರುಗಿಸುತ್ತ, ಚಹಾ ಆರಿಹೋದ ಮೇಲೆ ಹೇಳಿದರು:

"ಕುಸುಮಾ, ಅನೂನ್ನ ನಿನ್ನ ಹತ್ರ ಬಿಟ್ಟು ಹೋಗಬೇಕಂತ ಮಾಡೀನಿ."

ನಾನು ಅವರ ಮುಖ ನೋಡಿದೆ.

"ನಂಗ ಟೂರು ಇರ್ತಾವ. ಒಮ್ಮೆ ಶಿಲ್ಲಾಂಗು, ಒಮ್ಮೆ ತೇಜಪುರ. ಹೆಣ್ಣುಹುಡುಗೀನ ಯಾರ ಮನ್ಯಾಗ ಬಿಟ್ಟು ಹೋಗ್ಲಿ? ಆಕಿಗೆ ಒಂದು ಹೆರಳು ಹಾಕ್ಲಿಕ್ಕೂ ಬರೂದಿಲ್ಲ ನಂಗ. ನಿನ್ನ ಮಕ್ಕಳ ಜೋಡಿ ಬೆಳೀತಾಳ."

"ಬಿಟ್ಟು ಹೋಗ್ರಿ," ಅಂದೆ ತಕ್ಷಣ. ಯೋಚಿಸಲೂ ಇಲ್ಲ. ಅಕ್ಕನ ಮುಖ ಇನ್ನು ದಿನಾ ನಮ್ಮ ಮನೆಯಲ್ಲಿ ಓಡಾಡುತ್ತದೆ ಎಂಬ ಆಸೆ, ಆ ದಣಿವಿನ ನಡುವೆಯೂ, ಚಿಗುರಿ ನಿಂತಿತು. ಆಮೇಲೆ ಕೇಳಿದೆ, "ಆಕಿಗೆ ಹೇಳೀರೇನು?"

"ಇಲ್ಲ. ಹೇಳಿದ್ರ ವಿಮಾನನ ಹತ್ತತಿದ್ದಿಲ್ಲ. ನಾ ಹೋಗೂ ದಿವಸ ಹೇಳಿದ್ರಾತು."

ಡ್ರೈವರ್ ಹಾರ್ನ್ ಮಾಡಿದ. ಹೊತ್ತು ಮುಳುಗುವಾಗ ಓಝರ್ ತಲುಪಿದೆವು. ನಮ್ಮವರು ಟ್ರಂಕನ್ನು ಒಳಗೆ ಹೊತ್ತು ತರುತ್ತ, "ಏನವ್ವಾ, ಕಲ್ಲು ತುಂಬೀಯೇನು ಇದರಾಗ?" ಎಂದು ಅನುವನ್ನು ನಗಿಸಲು ನೋಡಿದರು. ಅವಳು ನಗಲಿಲ್ಲ. ಟ್ರಂಕನ್ನೇ ನೋಡುತ್ತ ನಿಂತಳು.

ಮರುದಿನ ಬೆಳಗ್ಗೆ ರಾಮಕುಂಡಕ್ಕೆ ಹೋದೆವು. ಮಳೆಗಾಲ ಹಿಂದೆ ಸರಿದು ಗೋದಾವರಿಯ ನೀರು ಇಳಿದಿತ್ತು. ಕಲ್ಲು ಮೆಟ್ಟಿಲುಗಳ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು, ಯಾರೋ ತಲೆ ಬೋಳಿಸಿಕೊಳ್ಳುತ್ತಿದ್ದರು, ಹೂ ಮಾರುವವಳು ತನ್ನ ಮೊದಲ ಗಿರಾಕಿಯೊಡನೆ ಚೌಕಾಸಿಗಿಳಿದಿದ್ದಳು. ಈ ನೀರಿನಲ್ಲಿ ಮೂಳೆ ಕರಗುತ್ತದೆ ಎಂದು ಜನ ನಂಬುತ್ತಾರೆ. ದೇಶದ ಮೂಲೆಮೂಲೆಯಿಂದ ಹೊತ್ತು ತರುತ್ತಾರೆ. ಅಂದು ನಮ್ಮ ಎಡಬಲಕ್ಕೂ ಅಂಥವರೇ ಇದ್ದರು. ಎಲ್ಲರ ಮುಖದಲ್ಲೂ ರೈಲಿನ ಜಾಗರಣೆ.

ವಯಸ್ಸಾದ ಪುರೋಹಿತರು ಭಾವನನ್ನು ಕೂರಿಸಿ ಸಂಕಲ್ಪ ಮಾಡಿಸಿದರು. ನಡುವೆ ತಲೆಯೆತ್ತಿ, "ಮುಲಗಾ ನಾಹೀ ಕಾ?" ಎಂದು ಕೇಳಿದರು. ಮಗನಿಲ್ಲವೇ?

"ಯಹೀ ಹೈ," ಅಂದರು ಭಾವ, ಅನುವಿನ ಹೆಗಲ ಮೇಲೆ ಕೈಯಿಟ್ಟು. ಇರುವವಳು ಇವಳೇ.

ಪುರೋಹಿತರು ಅವಳನ್ನು ಕ್ಷಣಕಾಲ ನೋಡಿದರು. "ಬರಂ. ಯೇ ಬಾಳಾ," ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಸರಿ, ಬಾ ಮಗೂ. ತಂದೆಯ ಕೈಗೆ ಕೈ ಸೇರಿಸಿ ಅನುವೇ ಮಡಕೆ ಬಗ್ಗಿಸಿದಳು. ಬೂದಿ ನೀರಿನ ಮೇಲೆ ಸ್ವಲ್ಪ ಹೊತ್ತು ಹರಡಿ ನಿಂತು, ಆಮೇಲೆ ಹೂಗಳ ಜೊತೆ ನಿಧಾನವಾಗಿ ಸರಿಯಿತು. ಅವಳು ಅಳಲಿಲ್ಲ. ಫ್ರಾಕಿನ ಅಂಚು ಒದ್ದೆಯಾಗಿದ್ದನ್ನು ಹಿಂಡಿಕೊಂಡಳು.

ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತೆವು. ಭಾವ ಗಂಟಲು ಸರಿಮಾಡಿಕೊಂಡರು. ಈಗಲೇ ಹೇಳಿಬಿಡುತ್ತಾರೆ ಎಂದು ನನಗೆ ತಿಳಿಯಿತು.

"ಅನು, ನೀ ಇನ್ನ ಮೌಶಿ ಹತ್ರ..."

"ನಂಗೆ ಗೊತ್ತು," ಅಂದಳು ಅವಳು, ನೀರನ್ನೇ ನೋಡುತ್ತ. "ನೀವು ಬೋಲೇ ಥೇ, ನಾಸಿಕದಲ್ಲಿ ಥಂಡೀ ಇಲ್ಲ. ಮತ್ತೆ ನನ್ನ ಸ್ವೆಟರ್ ಎಲ್ಲಾ ಯಾಕೆ ತಂದ್ರಿ?"

ಗುವಾಹಾಟಿಯಲ್ಲಿ ಟ್ರಂಕು ತುಂಬುವಾಗಲೇ ಅವಳಿಗೆ ತಿಳಿದಿತ್ತು. ತಿಳಿದೂ ವಿಮಾನ ಹತ್ತಿದ್ದಳು. ತಿಳಿದೂ ಆ ಉದ್ದನೆಯ ಬಸ್ಸಿನಲ್ಲಿ ನಮ್ಮ ಜೊತೆ ಕೂತು ಬಂದಿದ್ದಳು.

"ಇಲ್ಲಿ ಅಣ್ಣ ಇದ್ದಾನ, ತಂಗಿ ಇದ್ದಾಳ," ಅಂದೆ ನಾನು, ಅವಳ ಬೆನ್ನ ಮೇಲೆ ಕೈಯಿಟ್ಟು. "ಛಲೋ ಸಾಲಿ ಅದ. ಪಪ್ಪಾ ರಜಾದಾಗ ಬರ್ತಾರ ಅವ್ವಿ."

ಅನು ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಹಟವೂ ಇರಲಿಲ್ಲ. ಬಿಡಿಸಲು ಬಾರದ ಲೆಕ್ಕವನ್ನು ಮಾಸ್ತರರ ಮುಂದಿಡುವ ಹಾಗೆ ಕೇಳಿದಳು:

"ಮಮ್ಮಿಗೆ ಬುಖಾರ್ ಬಂತು. ಮೌಶಿ ಬರ್ಲಿಕ್ಕೆ ಆಗ್ಲಿಲ್ಲ. ಬಹುತ್ ದೂರ್ ಇತ್ತು. ಪಪ್ಪಾಗೆ ಬುಖಾರ್ ಬಂದ್ರೆ ನಾನು ಹೆಂಗೆ ಬರೋದು? ನಂಗೆ ಬಸ್ ಗೊತ್ತಿಲ್ಲ. ಪ್ಲೇನ್ ಗೊತ್ತಿಲ್ಲ."

ಗೆಳೆಯರೇ, ನಾನು ಬ್ಯಾಂಕಿನಲ್ಲಿ ಎಷ್ಟೋ ವರ್ಷ ಕೌಂಟರಿನಾಚೆಯ ಜನಕ್ಕೆ ಉತ್ತರ ಕೊಟ್ಟವಳು. ಮಕ್ಕಳು ಮರೆಯುತ್ತಾರೆ, ಒಂದೆರಡು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ, ಇಂಥ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು, ನಿಜ. ಆದರೆ ಅವಳು ಕೇಳಿದ್ದು ಮರೆಯುವ ಬಗೆಯನ್ನಲ್ಲ, ತಲುಪುವ ಬಗೆಯನ್ನು. ದೊಡ್ಡವಳಾದ ನನಗೇ, ಎಂಜಿನಿಯರ್ ಗಂಡ ವೇಳಾಪಟ್ಟಿ ಹಿಡಿದು ಪಕ್ಕದಲ್ಲಿ ಕೂತಿದ್ದರೂ, ದಾಟಲಾಗದ ದೂರವದು. ಆ ದೂರವನ್ನು ತಂದು ಈ ಹುಡುಗಿಯ ಮುಂದೆ ಹಾಸಿ, ನೀನು ಈಚೆ ಇರು ಎಂದು ಯಾವ ಬಾಯಲ್ಲಿ ಹೇಳಲಿ?

ಭಾವ ಮುಖ ಮುಚ್ಚಿಕೊಂಡಿದ್ದರು. ಅವರ ಹೆಗಲುಗಳು ಅಲುಗುತ್ತಿದ್ದವು. ಅಕ್ಕ ಹೋದ ಮೇಲೆ ಅವರು ಅತ್ತದ್ದು ಅದೇ ಮೊದಲಿರಬೇಕು, ಏಕೆಂದರೆ ಅನು ಬೆರಗಾಗಿ ಅವರನ್ನು ನೋಡಿದಳು, ನೋಡಿ, ತನ್ನ ಕೊರಳಿನ ನೀರಿನ ಬಾಟಲಿ ತೆಗೆದು ಕೊಟ್ಟಳು.

"ಕರ್ಕೊಂಡು ಹೋಗ್ರಿ ಭಾವ," ಅಂದೆ. ಆ ಮೂರು ಮಾತಿಗೆ ನನ್ನಲ್ಲಿದ್ದ ಬಲವೆಲ್ಲ ಬೇಕಾಯಿತು.

"ಹ್ಯಾಂಗ ಕುಸುಮಾ? ನಂಗ ಏನೂ ಬರೂದಿಲ್ಲ..."

"ಹೆರಳು ಹಾಕೂದು ನಾ ಕಲಸ್ತೀನಿ. ಉಳದದ್ದು ಆಕೀನ ಕಲಸ್ತಾಳ."

ಹಾಗೆ ಆ ಮಧ್ಯಾಹ್ನ ನಮ್ಮ ಕ್ವಾರ್ಟರ್ಸಿನ ಹಿಂದಿನ ಕಟ್ಟೆಯ ಮೇಲೆ ಒಂದು ಶಾಲೆ ನಡೆಯಿತು. ಅನು ಮಣೆಯ ಮೇಲೆ ಕೂತಳು. ಹಿಂದೆ ಭಾವ ಮಂಡಿಯೂರಿದರು. ನಾನು ಪಕ್ಕದಲ್ಲಿ ನಿಂತು ಕೂದಲನ್ನು ಮೂರು ಕಾಲು ಮಾಡುವುದು, ಬಲದ್ದನ್ನು ನಡುವೆ ತರುವುದು, ಆಮೇಲೆ ಎಡದ್ದು ಎಂದು ಹೇಳಿಕೊಡುತ್ತ ಹೋದೆ. ಸರ್ಕಾರಿ ಕಡತಗಳನ್ನು ವರ್ಷಾನುಗಟ್ಟಲೆ ದಾರದಲ್ಲಿ ಕಟ್ಟಿದ ಆ ಬೆರಳುಗಳು ಆ ಮೆತ್ತನೆಯ ಕೂದಲಿನಲ್ಲಿ ದಾರಿ ತಪ್ಪಿ ನಿಲ್ಲುತ್ತಿದ್ದವು. ಊಟಕ್ಕೆಂದು ಮನೆಗೆ ಬಂದಿದ್ದ ನಮ್ಮವರು ಬಾಚಣಿಗೆ ಹಿಡಿದು ನಿಂತು, "ಬಲಕ್ಕ ಎಳದದ್ದು ಭಾಳ ಆತು ನೋಡ್ರಿ, ಹೊಳ್ಳಿ ಹಾಕ್ರಿ," ಎಂದು ಸಲಹೆ ಕೊಡುತ್ತಿದ್ದರು. ಮೊದಲ ಹೆರಳು ಮುಗಿದಾಗ ಅನು ಕೈಯನ್ನು ಹಿಂದೆ ಹಾಕಿ ಮುಟ್ಟಿ ನೋಡಿಕೊಂಡಳು.

"ಟೇಢಾ ಹೈ," ಅಂದಳು. ಸೊಟ್ಟಗಾಗಿದೆ. ಹಾಗಂದು ನಕ್ಕಳು. ಬಂದಾಗಿನಿಂದ ಅದೇ ಮೊದಲ ನಗು. ನಾನು ಬಿಚ್ಚಿ ಮತ್ತೆ ಹಾಕಲು ಹೋದರೆ ಬೇಡವೆಂದಳು. ಆ ಸೊಟ್ಟ ಹೆರಳಿನಲ್ಲೇ ಸಂಜೆಯವರೆಗೆ ನಮ್ಮ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿದಳು.

ಕೆಲವು ದಿನ ನಮ್ಮಲ್ಲಿದ್ದು ಅವರು ಹೊರಟರು. ಔರಂಗಾಬಾದಿನವರೆಗೆ ನಾನೂ ಹೋದೆ, ಅದೇ ಬಸ್ಸು, ಅದೇ ಗಡಗಡ ಎನ್ನುವ ಗಾಜು. ನಿಲ್ದಾಣದ ಬಾಗಿಲಲ್ಲಿ ಅನು ಕೈ ಬೀಸಿದಳು. ವಿಮಾನ ಓಡಿ, ಎದ್ದು, ಜಾಲ್ನಾ ರಸ್ತೆಯ ಮರಗಳ ಮೇಲೆ ವಾಲಿ ಸಣ್ಣದಾಯಿತು. ಮತ್ತೆ ಬಸ್ಸು ಹತ್ತಿದೆ. ಸೀಟು ಸಿಗದೆ ಬಹಳ ದೂರ ನಿಂತೇ ಬಂದೆ. ನಾನು ವೈಜಾಪುರ ದಾಟುವುದರೊಳಗೆ ಅವರು ಎಷ್ಟು ರಾಜ್ಯಗಳನ್ನು ದಾಟಿರುತ್ತಾರೆಂದು ಲೆಕ್ಕ ಹಾಕಹೊರಟು, ಬೇಡವೆನಿಸಿ ಬಿಟ್ಟುಬಿಟ್ಟೆ. ಬಸ್ಸಿನ ಕಂಬ ಹಿಡಿದ ಕೈ ಜೋಮು ಹಿಡಿದಿತ್ತು. ಮನೆಗೆ ಬಂದಾಗ ನಮ್ಮವರು ಅನ್ನಕ್ಕಿಟ್ಟಿದ್ದರು. ನಾನು ಉಣ್ಣದೆ ಮಲಗಿದೆ.

ಆಮೇಲೆ ಆಗಾಗ ಫೋನು. ಹೆರಳು ನೆಟ್ಟಗಾಗುತ್ತಿದೆ ಎಂದು ಭಾವ. ನೆಟ್ಟಗಾಗಿಲ್ಲ ಎಂದು ಹಿಂದಿನಿಂದ ಅನು. ಭಾವ ಟೂರು ಇಲ್ಲದ ಕೆಲಸ ಕೇಳಿ ಪಡೆದರು. ಅದರಿಂದ ಬಡ್ತಿ ತಪ್ಪಿತೆಂದು ಯಾರಿಂದಲೋ ತಿಳಿಯಿತು, ಅವರಾಗಿ ಹೇಳಲಿಲ್ಲ. ಮನೆಯಲ್ಲಿ ಇಬ್ಬರೂ ಕನ್ನಡವನ್ನೇ ಆಡುವುದೆಂದು ಗೊತ್ತುಮಾಡಿಕೊಂಡರಂತೆ. ಸುಧಾಳ ದನಿ ಮನೆಯಲ್ಲಿ ಉಳಿಯಲಿ ಎಂದು.

ಮುಂದಿನ ಬೇಸಿಗೆಯಲ್ಲಿ ನಾನೇ ಹೊರಟೆ. ಮಕ್ಕಳನ್ನು ನಮ್ಮವರಿಗೆ ಒಪ್ಪಿಸಿ, ನಾಸಿಕ್ ರೋಡಿನಲ್ಲಿ ರೈಲು ಹತ್ತಿ, ಹೌರಾದಲ್ಲಿ ಬದಲಿಸಿ, ಮತ್ತೆ ಕೂತೆ. ವಿಮಾನದಲ್ಲಿ ಹೋಗು ಎಂದು ನಮ್ಮವರು ಹೇಳಿದ್ದರು. ನನಗೆ ಮನಸ್ಸಾಗಲಿಲ್ಲ. ಅಕ್ಕ ಮೊದಲ ಸಲ ಗಂಡನ ಹಿಂದೆ ಆ ಊರಿಗೆ ಹೋದದ್ದು ಇದೇ ಹಳಿಗಳ ಮೇಲೆ. ಆ ದಾರಿಯ ಒಂದು ಸ್ಟೇಷನ್ನನ್ನೂ ಬಿಡದೆ ನಾನೂ ದಾಟಬೇಕಿತ್ತು. ನೆಲದ ಬಣ್ಣ ಬದಲಾಯಿತು, ಭಾಷೆ ಬದಲಾಯಿತು, ಚಹಾ ಮಾರುವವನ ಕೂಗು ಬದಲಾಯಿತು. ಬಾಳೆಗಿಡಗಳೂ ಕೆರೆಗಳೂ ಬಂದವು. ಬೆಳಕು ದಿನದಿನಕ್ಕೆ ಬೇಗ ಬರತೊಡಗಿತು. ಸೊಂಟ ಹಿಡಿದುಹೋಗಿತ್ತು, ಕಾಲು ಊದಿಕೊಂಡಿತ್ತು, ಸೀರೆಯ ನೆರಿಗೆಯಲ್ಲೆಲ್ಲ ಕಲ್ಲಿದ್ದಲ ಪುಡಿ.

ಗುವಾಹಾಟಿಯ ಪ್ಲಾಟ್‌ಫಾರ್ಮಿನಲ್ಲಿ ಭಾವ ನನ್ನ ಪೆಟ್ಟಿಗೆ ಇಳಿಸಿ ಕೂಲಿಯನ್ನು ಹುಡುಕಲು ಹೋದರು. ಅನು ಒಂದು ಗೇಣು ಬೆಳೆದಿದ್ದಳು. ಹತ್ತಿರ ಬಂದು ನನ್ನ ಕೈಚೀಲವನ್ನು ತಾನೇ ತೆಗೆದುಕೊಂಡಳು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಧಾರವಾಡದ ನಮ್ಮ ಓಣಿಯ ಹೆಂಗಸರ ಹಾಗೆ, ಒಂದೂ ಪರಭಾಷೆಯ ಪದವಿಲ್ಲದೆ ಕೇಳಿದಳು:

"ಭಾಳ ದಣದೀ ಏನ್ ಮೌಶಿ?"

ಇಂಥ ಪ್ರಶ್ನೆಗೆ ಇಲ್ಲವೆನ್ನುವುದು ರೂಢಿ. ನನಗೆ ಆಗಲಿಲ್ಲ.

"ಹೂಂ ಅವ್ವಿ," ಅಂದೆ. "ಭಾಳ ದಣದೀನಿ."

ಹಾಗೆಂದವಳು ನಿಲ್ಲಲಾರದೆ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಬ್ಯಾಂಕಿನಲ್ಲಿ ಕೂಗಿದಾಗ ಬಾರದಿದ್ದ, ರಾಮಕುಂಡದಲ್ಲೂ ಬಾರದಿದ್ದ ಅಳು ಅಲ್ಲಿ ಬಂತು. ಅನು ಜಾಗ ಮಾಡಿಕೊಂಡು ನನ್ನ ಪಕ್ಕದಲ್ಲೇ ಕೂತಳು. ಕೂಲಿಯನ್ನು ಕರೆತಂದ ಭಾವ, ನಮ್ಮನ್ನು ನೋಡಿ, ಅವನಿಗೆ ಸ್ವಲ್ಪ ತಾಳು ಎಂದು ಕೈಸನ್ನೆ ಮಾಡಿ ದೂರದಲ್ಲೇ ನಿಂತರು.